ಒಬ್ಬರೇ ಹೋದರೆ ಅದು ಇಮಿರ್ಕೆ ಅಲ್ಲ

ಹ್ಯೂಸ್ಟನ್ನಿನ ಆ ಮನೆಯ ಕದ ತೆರೆದವನು ನಾನು ಕಾಣಲು ಹೋಗಿದ್ದ ಅಜ್ಜನ ಮಗ. ಅವನ ಬಲಗೈಯ ಗೆಣ್ಣುಗಳ ಮೇಲೆ ಚರ್ಮ ಕಿತ್ತುಹೋಗಿ ರಕ್ತ ಹೆಪ್ಪುಗಟ್ಟಿತ್ತು. ಪೈಪ್ ಯಾರ್ಡಿನಲ್ಲಿ ಕೆಲಸ ಮಾಡುವವನು, ಕಬ್ಬಿಣ ತಾಗಿರಬೇಕು ಎಂದುಕೊಂಡು ಕೈ ಕುಲುಕಿದೆ. ಅವನು ನನ್ನನ್ನು ಒಳಗೆ ಬಿಟ್ಟು ಕದ ಹಾಕಿದ, ಕುರ್ಚಿಯೊಂದನ್ನು ಎಳೆದು ಅದೇ ಕದಕ್ಕೆ ಒರಗಿಸಿ ಕುಳಿತ. ನಾನು ಆ ಮನೆಗೆ ಹೋದಾಗಲೆಲ್ಲ ಅವನ ಜಾಗ ಅದೇ ಆಗಿತ್ತು.

ಎರಡು ಸಾವಿರದ ಇಸವಿಯ ಆಸುಪಾಸಿನ ಮಾತು. ನಾನು ಆಸ್ಟಿನ್‌ನಲ್ಲಿ ಭಾಷಾವಿಜ್ಞಾನದ ಸಂಶೋಧನೆ ಮಾಡುತ್ತಿದ್ದೆ. ಊರು ಬಿಡುವುದು, ಬಂದು ಸೇರುವುದು, ಇಂಥ ಅರ್ಥದ ಐರಿಷ್ ಪದಗಳನ್ನು ಹಳೆಯ ಮಾತುಗಾರರ ಬಾಯಿಂದ ಸಂಗ್ರಹಿಸುವುದು ನಮ್ಮ ಪ್ರೊಫೆಸರ್ ಯೋಜನೆ. ಮೈಸೂರಿನ ಹುಡುಗಿ ಐರಿಷ್ ಕಲಿತದ್ದು ಯಾಕೆ ಎಂದು ಈಗಲೂ ಜನ ಕೇಳುತ್ತಾರೆ. ಸ್ಕಾಲರ್‌ಷಿಪ್ ಅಲ್ಲಿತ್ತು, ಅದಕ್ಕೆ. ನನ್ನದು ಪುಸ್ತಕದ ಐರಿಷ್. ತಪ್ಪಿಲ್ಲದೆ ಬರೆಯುತ್ತಿದ್ದೆ, ಬಾಯಿ ತೆರೆದರೆ ತಡವರಿಸುತ್ತಿದ್ದೆ.

ಡಾಲಸ್ಸಿನ ಐರಿಷ್ ಮೂಲದವರೊಬ್ಬರು ಪ್ರೊಫೆಸರಿಗೆ ಈ ಅಜ್ಜನ ಸುಳಿವು ಕೊಟ್ಟಿದ್ದರು. ಅಜ್ಜ ಹದಿಹರೆಯದಲ್ಲಿ ಐರ್ಲೆಂಡ್ ಬಿಟ್ಟು ಬಂದು, ಜೀವನವೆಲ್ಲ ಟೆಕ್ಸಸ್ಸಿನ ಬಯಲಿನಲ್ಲಿ ಗ್ಯಾಸ್ ಪೈಪು ಹೂಳಿದವರು. ಹೆಂಡತಿ ಇಲ್ಲಿಯೇ ಹುಟ್ಟಿದವರು. ಆಕೆಗೆ ಪಾರ್ಶ್ವವಾಯು ಬಡಿದು ಒಂದು ಮಗ್ಗುಲೂ ಮಾತೂ ಪೂರ್ತಿ ಹೋಗಿದ್ದವು. ಒಳಕೋಣೆಯ ಹಾಸಿಗೆಯಿಂದ ಆಕೆ ನಮ್ಮನ್ನು ನೋಡುತ್ತಿದ್ದರು. ಮನೆಯಲ್ಲಿ ಐರಿಷ್ ಬರುತ್ತಿದ್ದದ್ದು ಅಜ್ಜನೊಬ್ಬರಿಗೇ.

ನಮ್ಮ ಕೆಲಸದ ಕ್ರಮ ಯಾರಿಗಾದರೂ ಆಕಳಿಕೆ ತರಿಸುವಂಥದ್ದು. ಮೊದಲು ಪದವನ್ನು ಬರಿದೇ ಹೇಳಿಸುತ್ತೇವೆ. ಆಮೇಲೆ ವಿಭಕ್ತಿಗಳಲ್ಲಿ. ಆಮೇಲೆ ಆ ಪದವಿರುವ ವಾಕ್ಯಗಳು, ಸಾಕು ಸಾಕೆನಿಸುವಷ್ಟು. ಕೊನೆಗೆ ತಿರುಗುಮುರುಗು: ನಾನೇ ಒಂದು ವಾಕ್ಯ ಕಟ್ಟಿ, ಹೀಗೆ ಹೇಳಬಹುದೇ ಎಂದು ಕೇಳುವುದು. ಹೇಳಬಹುದು ಎಂದರೆ ಸರಿ. ಹಾಗೆ ಯಾರೂ ಅನ್ನುವುದಿಲ್ಲ ಎಂದರೆ ಆ ವಾಕ್ಯದ ಮುಂದೆ ಒಂದು ನಕ್ಷತ್ರ ಹಾಕಿ ಮುಂದಕ್ಕೆ ಹೋಗುವುದು. ಭಾಷಾವಿಜ್ಞಾನಿಗಳ ಈ ಉದಾಹರಣೆ ವಾಕ್ಯಗಳಲ್ಲಿ ಸದಾ ಯಾರೋ ಒಬ್ಬ ಇನ್ನೊಬ್ಬನಿಗೆ ಹೊಡೆಯುತ್ತಿರುತ್ತಾನೆ. ಕರ್ತೃ, ಕರ್ಮ ಎರಡೂ ಸ್ಪಷ್ಟವಾಗಿ ಸಿಗುತ್ತವೆ ಎಂಬುದೊಂದೇ ಕಾರಣ.

ಮೊದಲ ದಿನ ಅಡುಗೆಮನೆಯ ಮಾತುಗಳನ್ನು ತೆಗೆದುಕೊಂಡೆ. ಅಜ್ಜನ ಕೈ ನಡುಗಿ ಕಾಫಿ ಮೇಜಿನ ಮೇಲೆ ಚೆಲ್ಲಿತು. ಮಗ ಎದ್ದು ಬಂದು ಆ ಮಗ್ಗನ್ನು ಎತ್ತಿ ಗೋಡೆಗೆ ಬೀಸಿದ. ಚೂರುಗಳು ನನ್ನ ಮಡಿಲಿಗೆ ಬಿದ್ದವು. ಏನೂ ಆಗದವನಂತೆ ಅವನು ಕುರ್ಚಿಗೆ ಮರಳಿದ. ಅಜ್ಜ ಏನೂ ಆಗದವರಂತೆ ಮಗ್ಗಿಗೆ ಐರಿಷ್ ಪದ ಹೇಳಿದರು. ನಾನು ಬರೆದುಕೊಂಡೆ.

ಮುಂದಿನ ಸಲ ಹೋದಾಗ ಅಜ್ಜನ ಎಡಗಣ್ಣು ಊದಿ ಮುಚ್ಚಿಹೋಗಿತ್ತು, ಕೆನ್ನೆಯವರೆಗೆ ನೇರಳೆ ಬಣ್ಣ. ಬಚ್ಚಲಲ್ಲಿ ಜಾರಿದರು ಎಂದು ಮಗ ನಾನು ಕೇಳುವ ಮೊದಲೇ ಹೇಳಿದ. ಅಂದಿನ ಪದ ಇಮಿರ್ಕೆ.

ನಿಘಂಟುಗಳಲ್ಲಿ ಅದಕ್ಕೆ ವಲಸೆ ಎಂದು ಅರ್ಥ. ಸ್ತ್ರೀಲಿಂಗ. ಷಷ್ಠಿಯಲ್ಲೂ ಪದ ಹಾಗೆಯೇ ಉಳಿಯುತ್ತದೆ, ಆದರೆ ಮುಂದೆ 'ನ' ಎಂಬ ಗುರುತು ಬಂದಾಗ ಹಕಾರ ಅಂಟಿಕೊಂಡು 'ನ ಹಿಮಿರ್ಕೆ' ಆಗುತ್ತದೆ. ಅಜ್ಜ ಅದನ್ನು ಕ್ರಿಯಾಪದ ಮಾಡುತ್ತಿರಲಿಲ್ಲ. ಅವರ ಮಾತಿನಲ್ಲಿ ಜನ ಇಮಿರ್ಕೆಯ ಮೇಲೆ ಹೋಗುತ್ತಿದ್ದರು. 'ನೀವು ಇಮಿರ್ಕೆಯ ಮೇಲೆ ಅಮೆರಿಕಕ್ಕೆ ಬಂದಿರಿ' ಎಂದು ನಾನು ಕಟ್ಟಿದ ವಾಕ್ಯ ಕೇಳಿ ಅವರು ರೇಗಿಬಿಟ್ಟರು. ತಾನು ಬಂದದ್ದು ಒಬ್ಬನೇ, ಒಂದು ಕೈಚೀಲ ಹಿಡಿದುಕೊಂಡು. ತಮ್ಮ ಊರಿನಲ್ಲಿ ಅದಕ್ಕೆ ಬೇರೆ ಮಾತಿದೆ. ಇಮಿರ್ಕೆ ಎಂದರೆ ಹೆಂಡತಿ ಮಕ್ಕಳು, ಹಸು, ಕೋಳಿ, ಹಾಸಿಗೆ, ಕೆಟಲು ಎಲ್ಲ ಕಟ್ಟಿಕೊಂಡು, ಒಲೆ ಆರಿಸಿ ಮನೆ ಬಿಡುವುದು. ಒಬ್ಬರೇ ಹೋದರೆ ಅದು ಇಮಿರ್ಕೆ ಅಲ್ಲ.

ಸರಿ, ಹಾಗಾದರೆ ನೀವೇ ಕೆಲವು ವಾಕ್ಯ ಹೇಳಿ ಎಂದೆ. ಅವರು ಮೈಕಿನತ್ತ ಬಾಗಿ, ಪಾಠ ಒಪ್ಪಿಸುವ ದನಿಯಲ್ಲಿ ಶುರುಮಾಡಿದರು. ಬೇಸಗೆಯಲ್ಲಿ ಜನ ಇಮಿರ್ಕೆ ಹೋಗುತ್ತಿದ್ದರು. ಇಮಿರ್ಕೆಯ ದಿನ ನಾಯಿಗಳು ಊಳಿಡುತ್ತಿದ್ದವು. ಆಮೇಲೆ ಅದೇ ದನಿಯಲ್ಲಿ: "ಇಮಿರ್ಕೆ ಹೋಗಲು ನನಗೆ ಆಗುತ್ತಿಲ್ಲ, ನನ್ನ ಪಕ್ಕೆಲುಬು ಮುರಿದಿದೆ. ಬಾಗಿಲ ಹತ್ತಿರ ಕೂತಿರುವವನು ಮುರಿದ. ಅವನು ನನ್ನ ಹೆಂಡತಿಯ ಕೈಯನ್ನೂ ತಿರುಚುತ್ತಾನೆ. ಆಕೆಗೆ ಕೂಗಲು ಬರುವುದಿಲ್ಲ."

ನನ್ನ ಪೆನ್ನು ನಿಂತಿತು. ಮಗ ಉಗುರಿನ ಸಂದಿಯ ಗ್ರೀಸನ್ನು ಚಾಕುವಿನ ತುದಿಯಿಂದ ಕೆರೆಯುತ್ತಿದ್ದವನು, ಏನಂದ ಎಂದು ಇಂಗ್ಲಿಷಿನಲ್ಲಿ ಕೇಳಿದ. ಹಳೆಯ ಕಾಲದಲ್ಲಿ ದನ ಹೊಡೆದುಕೊಂಡು ಹೋಗುತ್ತಿದ್ದ ವಿಷಯ ಎಂದೆ. "ಇನ್ನೊಂದು ವಾಕ್ಯ ಹೇಳಿ" ಎಂದು ಅಜ್ಜನಿಗೆ ಐರಿಷ್‌ನಲ್ಲಿ ಹೇಳಿದೆ. ಅವರು ಹೇಳಿದರು. ಬೆಲ್ಟು, ಬೂಟು, ಬಿಸಿ ಇಸ್ತ್ರಿಪೆಟ್ಟಿಗೆ ಎಲ್ಲ ಬಂದವು, ಒಂದೊಂದೂ ಶುದ್ಧ ವ್ಯಾಕರಣದಲ್ಲಿ, ಒಂದೊಂದರಲ್ಲೂ ಇಮಿರ್ಕೆ ಎಂಬ ಪದವನ್ನು ಎಲ್ಲಾದರೂ ಸೇರಿಸಿ.

ಹ್ಯೂಸ್ಟನ್ನಿಗೆ ಬಂದಾಗ ನಾನು ಉಳಿಯುತ್ತಿದ್ದದ್ದು ಧಾರವಾಡದ ಆಂಟಿಯೊಬ್ಬರ ಮನೆಯಲ್ಲಿ. ಅಂಕಲ್‌ಗೆ ಎನರ್ಜಿ ಕಾರಿಡಾರ್ ಎಂಬ ಬಡಾವಣೆಯ ಆಯಿಲ್ ಕಂಪನಿಯಲ್ಲಿ ಕೆಲಸ; ಆಂಟಿ ಆಸ್ಪತ್ರೆಯೊಂದರಲ್ಲಿ ಫಿಜಿಯೋಥೆರಪಿಸ್ಟ್. ಅವರ ಅಡುಗೆಮನೆಯಲ್ಲಿ ನಿಂತು ಎಲ್ಲವನ್ನೂ ಹೇಳುತ್ತ ನಾನು ಬಿಕ್ಕಿಬಿಕ್ಕಿ ಅತ್ತೆ. ಪದದ ಅರ್ಥವನ್ನೂ ಹೇಳಿದೆ, ಅದಿಲ್ಲದೆ ಕಥೆ ಅರ್ಥವಾಗುತ್ತಿರಲಿಲ್ಲ.

"ಹಂಗಾದ್ರ ಅದು ಗುಳೆ ಆತಲ್ಲ" ಎಂದರು ಆಂಟಿ. "ನಮ್ಮ ಕಡೆ ಗಡಿಗಿ, ಆಡು, ಕೂಸು ಎಲ್ಲಾ ಕಟಗೊಂಡ ಹೊಂಟ್ರ ಗುಳೆ ಅಂತಾರ. ಅದಿರ್ಲಿ. ನೀ ಅತ್ರ ಅವರಿಗೇನ್ ಬಂತು? ವಯಸ್ಸಾದವ್ರನ್ನ ಹೊಡಿಯೂದು ಗೊತ್ತಾದ್ಮ್ಯಾಲೆ ಸುಮ್ನ ಕುಂದ್ರೂದು ಈ ರಾಜ್ಯದಾಗ ಅಪರಾಧ ಐತಿ. ಫೋನ್ ಹಚ್ಚು."

ಪ್ರೊಫೆಸರಿಗೂ ಫೋನ್ ಮಾಡಿದೆ. ವರದಿ ಮಾಡು, ಆದರೆ ಧ್ವನಿಮುದ್ರಣವನ್ನು ಮಾತುಗಾರರ ಒಪ್ಪಿಗೆಯಿಲ್ಲದೆ ಯಾರಿಗೂ ಕೊಡುವಂತಿಲ್ಲ ಎಂದರು. ವೃದ್ಧರ ರಕ್ಷಣೆಯ ಸರ್ಕಾರಿ ಇಲಾಖೆಗೆ ದೂರು ಕೊಟ್ಟೆ. ಒಬ್ಬ ಅಧಿಕಾರಿ ಆ ಮನೆಗೆ ಹೋಗಿ ಬಂದರು. ಮಗನನ್ನು ಹೊರಗೆ ಕಳಿಸಿಯೇ ಅಜ್ಜನನ್ನು ಕೇಳಿದರಂತೆ. ಅಜ್ಜ ಇಂಗ್ಲಿಷಿನಲ್ಲಿ, ಮಗ ಚಿನ್ನದಂಥವನು, ತಾನು ಜಾರಿ ಬಿದ್ದದ್ದು ನಿಜ ಎಂದರಂತೆ. ಬುದ್ಧಿ ಸ್ಥಿಮಿತವಿರುವ ಮನುಷ್ಯ ಹೀಗೆ ಹೇಳಿದರೆ ನಾವು ಹೊತ್ತುಕೊಂಡು ಬರಲಾಗದು ಎಂದು ಅಧಿಕಾರಿ ನನಗೆ ತಿಳಿಸಿದರು. ಅವರಾಗಿ ಮನೆ ಬಿಟ್ಟು ಹೊರಟರೆ ಮಾತ್ರ ಯಾರೂ ತಡೆಯುವಂತಿಲ್ಲ.

ನನಗೆ ಅಜ್ಜನ ಮೇಲೆಯೇ ಸಿಟ್ಟು ನೆತ್ತಿಗೇರಿತು. ಹೇಳಬೇಕಾದವರ ಮುಂದೆ ಬಾಯಿ ಹೊಲಿದುಕೊಂಡು, ಏನೂ ಮಾಡಲಾಗದ ನನ್ನ ಮುಂದೆ ವ್ಯಾಕರಣದ ಸೋಗಿನಲ್ಲಿ ಗೋಳು ತೋಡಿಕೊಳ್ಳುವುದು ಯಾವ ನ್ಯಾಯ? ಪ್ರೊಫೆಸರ್ ಇನ್ನು ಆ ಮನೆಗೆ ಹೋಗಬೇಡ ಎಂದರು. ಆಸ್ಟಿನ್‌ಗೆ ವಾಪಸಾದೆ. ಹೆಡ್‌ಫೋನ್ ಹಾಕಿಕೊಂಡು ಆ ಮುದ್ರಣವನ್ನು ಕೇಳಿದೆ, ಮತ್ತೆ ಕೇಳಿದೆ. ಅವರು ಹೇಳಿದ ವಾಕ್ಯಗಳೆಲ್ಲ ನನ್ನ ಪ್ರಶ್ನೆಗೆ ಉತ್ತರವಾಗಿದ್ದವು. ನಾನು ಬೇರೆ ಪ್ರಶ್ನೆ ಕೇಳಿದರೆ ಬೇರೆ ಉತ್ತರ ಬರಬಹುದು ಎಂದು ಹೊಳೆದದ್ದು ಆಗ. ಹೀಗೆ ಹೇಳಬಹುದೇ ಎಂದು ಕೇಳುವ ಭಾಗ ಇನ್ನೂ ಬಾಕಿಯಿತ್ತು. ಹೋಗುವುದೆಂದು ನಿರ್ಧರಿಸಿದೆ.

ಮುದ್ರಣ ಕೆಟ್ಟಿದೆ, ಒಮ್ಮೆ ಸರಿಪಡಿಸಿಕೊಳ್ಳಬೇಕು ಎಂದು ಮಗನಿಗೆ ಫೋನ್ ಮಾಡಿದೆ. ಹೊರಗಿನವರು ಮನೆಗೆ ಬಂದುಹೋಗುತ್ತಾರೆ ಎಂದು ಇಲಾಖೆಯ ಕಣ್ಣಿಗೆ ಕಾಣಿಸುವುದು ಅವನಿಗೂ ಬೇಕಿತ್ತು. ಬಾ ಎಂದ. ಈ ಸಲ ಅಜ್ಜನ ಕೆಳತುಟಿ ಸೀಳಿತ್ತು. ತಡವರಿಸಬಾರದೆಂದು ನನ್ನ ವಾಕ್ಯಗಳನ್ನು ದಾರಿಯುದ್ದಕ್ಕೂ ಬಾಯಿಪಾಠ ಮಾಡಿಕೊಂಡು ಹೋಗಿದ್ದೆ.

"ಮುದುಕ ಈ ವಾರ ಇಮಿರ್ಕೆ ಹೋಗುತ್ತಾನೆ. ಹೀಗೆ ಹೇಳಬಹುದೇ?" ಎಂದು ಐರಿಷ್‌ನಲ್ಲಿ ಕೇಳಿದೆ.

ಅಜ್ಜ ತಲೆ ಎತ್ತಲಿಲ್ಲ. ಅವರ ಊದಿರದ ಕಣ್ಣು ಮಾತ್ರ ನನ್ನ ಮೇಲೆ ನಿಂತಿತು. "ತಪ್ಪು" ಎಂದರು. "ಮುದುಕ, ಮುದುಕಿ ಇಬ್ಬರೂ ಹೋಗುತ್ತಾರೆ ಎಂದರೆ ಸರಿ."

ನಕ್ಷತ್ರ ಹಾಕಿದೆ. "ಅವರನ್ನು ಒಯ್ಯಲು ಗಾಡಿ ಬರುತ್ತದೆ. ಗಾಡಿ ಎಲ್ಲಿಗೆ ಹೋಗುತ್ತದೆ?"

ಹೆಂಡತಿಯ ತಂಗಿ ಫಾರ್ಮರ್ಸ್ ಬ್ರಾಂಚ್‌ನಲ್ಲಿದ್ದಾಳೆ, ಗಾಡಿ ಅಲ್ಲಿಗೆ ಹೋಗಬಹುದು ಎಂದರು. ಡಾಲಸ್ ಪಕ್ಕದ ಆ ಊರಿನ ಹೆಸರನ್ನು ಮಗನಿಗೆ ತಿಳಿಯದಂತೆ ಅವರು ಐರಿಷ್‌ಗೆ ಅನುವಾದಿಸಿ ಹೇಳಿದ ಜಾಣತನಕ್ಕೆ ಬೇರೆ ದಿನವಾಗಿದ್ದರೆ ನಕ್ಕುಬಿಡುತ್ತಿದ್ದೆ. ಐರಿಷ್‌ನಲ್ಲಿ ಹೌದು, ಅಲ್ಲ ಎಂಬುದಕ್ಕೆ ಪದವಿಲ್ಲ. ಪ್ರಶ್ನೆಯ ಕ್ರಿಯಾಪದವನ್ನೇ ಹಿಂದಿರುಗಿಸಬೇಕು. ಹೋಗುತ್ತಾನೆಯೇ ಎಂದರೆ ಹೋಗುತ್ತಾನೆ, ಇಲ್ಲವೇ ಹೋಗುವುದಿಲ್ಲ. ಹೀಗಾಗಿ ನಮ್ಮ ಮಾತುಕತೆ ಕೇಳುವವರಿಗೆ ಮಗ್ಗಿ ಹೇಳಿದ ಹಾಗೇ ಇತ್ತು.

ಆಮೇಲೆ ನಾನು ಎಡವಿದೆ. ಮಗ ಗುರುವಾರ ಕೆಲಸಕ್ಕೆ ಹೋಗುತ್ತಾನೆಯೇ ಎಂದು ಕೇಳುವಾಗ ಮಗ ಎಂಬುದಕ್ಕೆ ಇರುವ ಮಾತನ್ನೇ ಬಳಸಿದೆ. ಚಿಕ್ಕವನಿದ್ದಾಗ ಅಪ್ಪ ಕರೆಯುತ್ತಿದ್ದ ಆ ಒಂದು ಮಾತು ಅವನಿಗೆ ಗೊತ್ತಿತ್ತು.

ಕುರ್ಚಿ ಹಿಂದಕ್ಕೆ ಬಿತ್ತು. ಅವನು ಬಂದವನೇ ರೆಕಾರ್ಡರನ್ನು ಕಿತ್ತು ನೆಲಕ್ಕೆ ಕುಕ್ಕಿ ಬೂಟಿನಿಂದ ತುಳಿದ. ನನ್ನ ಕುತ್ತಿಗೆಯ ಹಿಂಭಾಗ ಹಿಡಿದು ಮುಖವನ್ನು ಮೇಜಿಗೆ ಒತ್ತಿದ. ನನ್ನ ಬಗ್ಗೆ ಏನು ಹೇಳಿದೆ ಎಂದ. ಮೇಜಿನ ಮರದ ವಾಸನೆಯೊಂದೇ ನನಗೆ ಗೊತ್ತಾಗುತ್ತಿದ್ದದ್ದು. ವ್ಯಾಕರಣದ ಪುಸ್ತಕದಲ್ಲೆಲ್ಲ ಒಬ್ಬ ಮಗ ಇರುತ್ತಾನೆ, ಅದು ಬರೀ ಉದಾಹರಣೆ ಎಂದು ಹಲ್ಲಿನ ಸಂದಿಯಿಂದ ಹೇಳಿದೆ. ಅಜ್ಜ ಅವನ ತೋಳು ಹಿಡಿದರು. ಅವನು ತಿರುಗಿ ಹಿಂಗೈಯಿಂದ ಅವರ ಬಾಯಿಗೆ ಬಾರಿಸಿದ. ಸೀಳಿದ್ದ ತುಟಿ ಮತ್ತೆ ಒಡೆದು ರಕ್ತ ಗಲ್ಲಕ್ಕೆ ಇಳಿಯಿತು.

ಅಜ್ಜ ತೋಳಿನಿಂದ ಬಾಯಿ ಒರೆಸಿಕೊಂಡು, ಅದೇ ಪಾಠದ ದನಿಯಲ್ಲಿ ನನಗೆ ಐರಿಷ್‌ನಲ್ಲಿ ಹೇಳಿದರು: "ನಿನ್ನ ವಾಕ್ಯ ತಪ್ಪು. ಹೋರಿ ಎಂದು ಹೇಳು. ಹೋರಿ ಗುರುವಾರ ಹೋಗುವುದಿಲ್ಲ. ಶುಕ್ರವಾರ ಬೆಳಿಗ್ಗೆ ದೂರದ ಹೊಲಕ್ಕೆ ಹೋಗುತ್ತದೆ, ಕತ್ತಲಾಗುವವರೆಗೆ ಬರುವುದಿಲ್ಲ."

ನನ್ನನ್ನು ಅವನು ಹೊರಗೆ ನೂಕಿದ. ಕಾರನ್ನು ನೇರವಾಗಿ ಆಂಟಿಯ ಮನೆಗೆ ಬಿಟ್ಟೆ.

ಅಂದೇ ಪೊಲೀಸರಿಗೆ ಹೇಳಬಹುದಿತ್ತು. ಹೇಳಿದರೆ ಅವನು ಒಂದು ರಾತ್ರಿ ಒಳಗಿದ್ದು ಮರುದಿನ ಮನೆಗೆ ಬರುತ್ತಾನೆ, ಬಂದವನು ಅವರಿಬ್ಬರನ್ನು ಉಳಿಸುವುದಿಲ್ಲ ಎಂದು ಆಂಟಿಗೂ ನನಗೂ ಖಾತ್ರಿಯಿತ್ತು. ಆಂಟಿ ಶುಕ್ರವಾರ ರಜೆ ಹಾಕಿದರು. ಅಜ್ಜನ ಸುಳಿವು ಕೊಟ್ಟಿದ್ದ ಡಾಲಸ್ಸಿನವರಿಂದ ನಂಬರ್ ಪಡೆದು ಅಜ್ಜಿಯ ತಂಗಿಗೆ ಫೋನ್ ಮಾಡಿದೆವು. ಆಕೆ ಒಂದೇ ಮಾತಿಗೆ ಕರೆತನ್ನಿ ಎಂದರು.

ಶುಕ್ರವಾರ ಹೋದಾಗ ಮಗನ ಟ್ರಕ್ ಇರಲಿಲ್ಲ. ಆಂಟಿ ಅಜ್ಜಿಯ ನಡುವಿಗೆ ದಪ್ಪ ಪಟ್ಟಿ ಬಿಗಿದು, ತಮ್ಮ ಮೊಣಕಾಲನ್ನು ಆಕೆಯ ಮೊಣಕಾಲಿಗೆ ಆನಿಸಿ, ಒಂದೇ ಜೀಕಿಗೆ ಹಾಸಿಗೆಯಿಂದ ಗಾಲಿಕುರ್ಚಿಗೆ ತಿರುಗಿಸಿ ಕೂರಿಸಿದರು. ಅಲ್ಲಿಂದ ತಾವು ತಂದಿದ್ದ ವ್ಯಾನಿಗೆ. ಆ ಕೆಲಸ ಸಲೀಸಾಗಿ ಮುಗಿಯಿತು. ಮುಗಿಯದೆ ಹೋದದ್ದು ಅಜ್ಜನದು. ಹಾಸಿಗೆ ಕಟ್ಟಿ ತಂದರು. ಕೆಟಲು ತಂದರು. ಬಾಣಲೆ ತಂದರು. ನಾವು ಬಾಯಿಬಿಟ್ಟು ಬೇಡಿಕೊಂಡರೂ ಕೇಳದೆ ಹಿತ್ತಲಿಗೆ ಹೋಗಿ, ಮುರಿದ ಪಕ್ಕೆಲುಬು ಹಿಡಿದುಕೊಂಡು ಅಜ್ಜಿ ಸಾಕಿದ್ದ ಕೋಳಿಯನ್ನು ಅಟ್ಟಿಸಿಕೊಂಡು ಓಡಾಡತೊಡಗಿದರು. "ಗುಳೆ ಅಂದ್ರ ಗುಳೆನ ಮಾಡಾಕತ್ತಾನಲ್ಲ ಮುದುಕ, ಎಳಕೊಂಡ ಬಾ ಅವನ್ನ" ಎಂದು ಆಂಟಿ ಸ್ಟೇರಿಂಗ್ ಹಿಡಿದು ಒದರಿದರು. ನಾನು ಎಳೆದುಕೊಂಡು ಬರುವಷ್ಟರಲ್ಲಿ ಟ್ರಕ್ ಬಂದು ದಾರಿಗೆ ಅಡ್ಡವಾಗಿ ನಿಂತಿತು. ಯಾರ್ಡಿನಲ್ಲಿ ಯಾರ ಜೊತೆಗೋ ಜಗಳ ತೆಗೆದು ಕೆಲಸದಿಂದ ಮನೆಗೆ ಅಟ್ಟಿಸಿಕೊಂಡಿದ್ದನೆಂದು ಆಮೇಲೆ ತಿಳಿಯಿತು.

ಅವನ ಕೈಯಲ್ಲಿ ಪೈಪು ತಿರುಗಿಸುವ ದೊಡ್ಡ ಸ್ಪ್ಯಾನರ್ ಇತ್ತು. ಮೊದಲ ಏಟಿಗೆ ವ್ಯಾನಿನ ಗಾಜು ಅಜ್ಜಿಯ ಮೇಲೆ ಸುರಿಯಿತು. ಅಜ್ಜನನ್ನು ಕಾಲರ್ ಹಿಡಿದು ಕೆಡವಿ, ಬಿದ್ದವರ ಪಕ್ಕೆಗೆ ಒದ್ದ. ಮತ್ತೆ ಒದ್ದ. ಅವನು ಸ್ಪ್ಯಾನರ್ ಎತ್ತಿದಾಗ ನಾನು ನಡುವೆ ಹೋದೆ. ಧೈರ್ಯದ ಮಾತೇನಲ್ಲ, ನಾನು ನಿಂತಿದ್ದದ್ದೇ ಅಲ್ಲಿ. ಏಟು ನನ್ನ ಮುಂಗೈ ಮೇಲೆ ಬಿತ್ತು. ಮೂಳೆ ಮುರಿದ ಸದ್ದು ನನ್ನ ಕಿವಿಗೇ ಕೇಳಿಸಿತು, ನೋವು ಆಮೇಲೆ ಬಂತು. ಆಂಟಿ ಹಾರ್ನ್ ಒತ್ತಿ ಹಿಡಿದು ವ್ಯಾನನ್ನು ಹಿಂದಕ್ಕೆ ಬಿಟ್ಟು ಟ್ರಕ್ಕಿಗೆ ಗುದ್ದಿಸಿದರು, ಗುದ್ದಿಸುತ್ತಲೇ ಇದ್ದರು. ಅಕ್ಕಪಕ್ಕದವರು ಹೊರಬಂದರು. ಎದುರುಮನೆಯ ಗಂಡಸು ಬಂದೂಕು ಹಿಡಿದು ಬಂದು, ಕೈಯಲ್ಲಿರುವುದನ್ನು ಕೆಳಗೆ ಹಾಕು ಎಂದು ಶಾಂತವಾಗಿ ಹೇಳಿದ. ಪೊಲೀಸರು ಬರುವವರೆಗೆ ಅವನು ಬಂದೂಕು ಇಳಿಸಲಿಲ್ಲ.

ಆಸ್ಪತ್ರೆಯಿಂದ ಅಜ್ಜ, ಅಜ್ಜಿ ನೇರವಾಗಿ ಫಾರ್ಮರ್ಸ್ ಬ್ರಾಂಚ್‌ನ ತಂಗಿಯ ಮನೆ ಸೇರಿದರು. ಕೆಲವು ದಿನಗಳ ಮೇಲೆ ಹ್ಯೂಸ್ಟನ್ನಿನ ಡಿಟೆಕ್ಟಿವ್ ಅಲ್ಲಿಗೆ ಬಂದ; ನನ್ನನ್ನೂ ಬರಹೇಳಿದ. ಅಂಗಳದಲ್ಲಿ ನಡೆದದ್ದಕ್ಕೆ ಅಕ್ಕಪಕ್ಕದವರ ಸಾಕ್ಷಿ ಇತ್ತು, ನನ್ನ ಕೈ ಪ್ಲಾಸ್ಟರಿನಲ್ಲಿತ್ತು. ಆದರೆ ಅದು ಒಂದು ದಿನದ ಜಗಳ ಎಂದಾದರೆ ಮಗ ಬೇಗ ಬಿಡುಗಡೆಯಾಗಿ ತಂದೆತಾಯಿಯನ್ನು ಕರೆದೊಯ್ಯಲು ಈ ಮನೆಗೇ ಬರಬಹುದು. ಅವನನ್ನು ದೂರ ಇಡಲು ಮನೆಯೊಳಗೆ ಇಷ್ಟು ಕಾಲ ನಡೆದದ್ದನ್ನು ಅವರಿಬ್ಬರಲ್ಲಿ ಯಾರಾದರೂ ಹೇಳಬೇಕಿತ್ತು. ಎರಡನೆಯ ದಿನದ ಮುದ್ರಣ ನನ್ನ ಚೀಲದಲ್ಲಿತ್ತು. ಅಜ್ಜ ಒಪ್ಪಿದರೆ ಅನುವಾದಿಸಿ ಕೊಡುತ್ತೇನೆ ಎಂದೆ.

ಅಜ್ಜ ಒಪ್ಪಲಿಲ್ಲ. "ಆ ಹುಡುಗಿ ಒಂದು ಪದಕ್ಕೆ ವಾಕ್ಯಗಳನ್ನು ಕೇಳಿದಳು, ನಾನು ಕೊಟ್ಟೆ" ಎಂದು ಡಿಟೆಕ್ಟಿವ್‌ಗೆ ಇಂಗ್ಲಿಷಿನಲ್ಲಿ ಹೇಳಿದರು. "ವ್ಯಾಕರಣದ ಪುಸ್ತಕದಲ್ಲಿ ಯಾವಾಗಲೂ ಒಬ್ಬ ಮಗ ಇರುತ್ತಾನೆ. ಅವೆಲ್ಲ ಬರೀ ಉದಾಹರಣೆ."

ನನ್ನ ಮಾತನ್ನೇ ನನ್ನ ಮುಖಕ್ಕೆ ಎಸೆದಿದ್ದರು. ಅವರನ್ನು ಹಿಡಿದು ಅಲುಗಾಡಿಸಬೇಕು ಎನಿಸುವಷ್ಟು ಕೋಪ ಬಂತು, ಅಷ್ಟೇ ದುಃಖವೂ ಆಯಿತು. ಅವನು ಅವರ ಮಗ. ಯಾರಿಗೂ ಅರ್ಥವಾಗದ ಭಾಷೆಯಲ್ಲಿ ಮಾತ್ರ ಅವರು ಅವನ ಮೇಲೆ ದೂರು ಹೇಳಬಲ್ಲವರಾಗಿದ್ದರು. ಡಿಟೆಕ್ಟಿವ್ ನನ್ನತ್ತ ನೋಡಿದ. ಮುದ್ರಣದಲ್ಲಿರುವುದನ್ನು ಮಾತುಗಾರರ ಒಪ್ಪಿಗೆಯಿಲ್ಲದೆ ನಾನು ಹೇಳುವಂತಿಲ್ಲ ಎಂದೆ. ಅವನು ಪುಸ್ತಕ ಮುಚ್ಚಿ ಏಳಲು ಹೊರಟ.

ಗಾಲಿಕುರ್ಚಿಯಲ್ಲಿದ್ದ ಅಜ್ಜಿ ತಮ್ಮ ಸ್ವಾಧೀನವಿದ್ದ ಕೈ ಚಾಚಿ ಅವನ ಅಂಗಿಯ ತೋಳು ಹಿಡಿದರು. ಅವನು ಬಗ್ಗಿದ. ಆಕೆ ಮೆಲ್ಲಗೆ ತಮ್ಮ ಸ್ವಾಧೀನ ತಪ್ಪಿದ ತೋಳಿನ ಬಟ್ಟೆಯನ್ನು ಭುಜದವರೆಗೆ ಸರಿಸಿದರು. ಒಂದರ ಮೇಲೊಂದು ಹಳದಿ, ಹಸಿರು, ಕಪ್ಪು ಗುರುತುಗಳು. ಡಿಟೆಕ್ಟಿವ್‌ನ ಅಂಗೈಯನ್ನು ಎಳೆದುಕೊಂಡು ಅಲ್ಲಿಟ್ಟು, ಅವನ ಬೆರಳುಗಳನ್ನು ಒಂದೊಂದಾಗಿ ಮಡಿಸಿ ಆ ಗುರುತುಗಳ ಮೇಲೆ ಕೂರಿಸಿದರು. ಸರಿಯಾಗಿ ಕೂತವು. ಆಮೇಲೆ ಆಕೆ ಅವನನ್ನು ಬಿಟ್ಟು ಗಂಡನ ಮುಖ ನೋಡಿದರು.

ಅಜ್ಜ ಬಾಗಿ ಆ ತೋಳನ್ನು ನೋಡಿದರು. ಅವರ ಒಡೆದ ತುಟಿ ಅಲುಗಿತು. ನಾನು ಐರಿಷ್ ಬರುತ್ತದೆಂದು ಕಿವಿಗೊಟ್ಟೆ.

"ನನ್ನ ಮಗ" ಎಂದರು, ಇಂಗ್ಲಿಷಿನಲ್ಲಿ. "ನನ್ನ ಮಗ ಆಕೆಯನ್ನು ಹೊಡೆಯುತ್ತಾನೆ. ಬರೆದುಕೋ."